ನೆಸ್ಲರ್ ಕಂದು: ಎಣಿಕೆ ಸರಿ, ಚಿತ್ರ ತಪ್ಪು

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ಗೆಳೆಯರೂ ಕೇಳ್ತಿದ್ದೀರಿ. ಪದವಿ ಪಠ್ಯಗಳು ಪಾದರಸ ಮತ್ತು ನೈಟ್ರೋಜನ್ ಸಂಯುಕ್ತಗಳನ್ನು ಚಿತ್ರಿಸುವ ರೀತಿಯೇ ಇವತ್ತಿನ ನನ್ನ ವಿಮರ್ಶೆಯ ವಸ್ತು.

ಲವಣ ವಿಶ್ಲೇಷಣೆಯಲ್ಲಿ ಅಮೋನಿಯಂ ಪತ್ತೆಗೆ ನೆಸ್ಲರ್ ದ್ರಾವಣ ಹಾಕ್ತೀವಿ. 1856ರಷ್ಟು ಹಳೆಯ ಪರೀಕ್ಷೆ ಇದು. ಕಂದು ಪ್ರಕ್ಷೇಪ ಬಂದರೆ ಅಮೋನಿಯಂ ಇದೆ ಅಂತ ಬರೀತೀವಿ. ಈ ಪ್ರಕ್ಷೇಪಕ್ಕೆ ಹಲವು ಪಠ್ಯಗಳು ಒಂದು ಪುಟ್ಟ ಸರಪಳಿ ಬರೆಯುತ್ತವೆ: ಒಂದು ತುದಿಗೆ ಅಮೈಡೊ ಗುಂಪು, ಆಮೇಲೆ ಪಾದರಸ, ಆಕ್ಸಿಜನ್, ಮತ್ತೆ ಪಾದರಸ, ಕೊನೆಗೆ ಅಯೋಡಿನ್. ಓದಿದವರಿಗೆ ಇದು ಬಿಡಿಬಿಡಿ ಅಣುಗಳ ಪುಡಿ ಅನ್ನಿಸುತ್ತದೆ.

ಈಗ ಪರಮಾಣುಗಳನ್ನು ಎಣಿಸಿ ನೋಡ್ರಿ. ಎರಡು ಪಾದರಸ, ಒಂದು ನೈಟ್ರೋಜನ್, ಒಂದು ಅಯೋಡಿನ್. ಉಳಿದ ಎರಡು ಹೈಡ್ರೋಜನ್, ಒಂದು ಆಕ್ಸಿಜನ್ ಸೇರಿದರೆ ಒಂದು ನೀರಿನ ಅಣು! ಅಂದರೆ ಇದನ್ನೇ ಮಿಲ್ಲನ್ ಪ್ರತ್ಯಾಮ್ಲದ ಅಯೋಡೈಡ್ ಮತ್ತು ನೀರು ಎಂದೂ ಓದಬಹುದು. ಎಣಿಕೆ ಒಂದೇ ಆದ್ದರಿಂದ ತೂಕದ ವಿಶ್ಲೇಷಣೆ ಎಷ್ಟೇ ಚೊಕ್ಕವಾಗಿದ್ದರೂ ಈ ಎರಡರಲ್ಲಿ ಯಾವುದು ನಿಜ ಎಂದು ಹೇಳಲಾರದು.

ಅದಕ್ಕೆ ಕ್ಷ-ಕಿರಣ ಬೇಕಾಯಿತು. 1951ರಲ್ಲಿ ವಿಲಿಯಂ ಲಿಪ್ಸ್‌ಕಂಬ್ ಮಿಲ್ಲನ್ ಪ್ರತ್ಯಾಮ್ಲ ಮತ್ತು ಅದರ ಲವಣಗಳ ರಚನೆ ಪ್ರಕಟಿಸಿದರು. ಪ್ರತಿ ನೈಟ್ರೋಜನ್ ಸುತ್ತ ಚತುರ್ಮುಖಿಯ ಮೂಲೆಗಳಲ್ಲಿ ನಾಲ್ಕು ಪಾದರಸ. ಪ್ರತಿ ಪಾದರಸ ಎರಡು ನೈಟ್ರೋಜನ್‌ಗಳ ನಡುವೆ. ಕ್ರಿಸ್ಟೊಬಲೈಟ್ ಸಿಲಿಕಾದ ಹಾಗೆ ಈ ಹಂದರ ಮೂರೂ ದಿಕ್ಕಿಗೆ ಹಬ್ಬುತ್ತದೆ. ಋಣ ಅಯಾನುಗಳು, ನೀರು ಅದರ ಪೊಳ್ಳುಗಳಲ್ಲಿ ಕೂರುತ್ತವೆ.

ಇದೊಂದು ಅಪವಾದ ಅಲ್ಲ. ಕರಗುವ ಬಿಳಿ ಪ್ರಕ್ಷೇಪದಲ್ಲಿ ಅಮೋನಿಯಾ, ಪಾದರಸ, ಅಮೋನಿಯಾ ಎಂಬ ನೇರ ಘಟಕವಿದೆ. ಪ್ರತಿ ನೈಟ್ರೋಜನ್‌ಗೆ ಒಂದೇ ಪಾದರಸ. ಕರಗದ ಬಿಳಿ ಪ್ರಕ್ಷೇಪದಲ್ಲಿ ಒಂದು ಹೈಡ್ರೋಜನ್ ಹೋಗಿ ಎರಡು ಪಾದರಸ ಅಂಟುತ್ತವೆ. ಅಂಕುಡೊಂಕಾದ ಕೊನೆಯಿಲ್ಲದ ಸರಪಳಿ. ಹೈಡ್ರೋಜನ್ ಪೂರ್ತಿ ಹೋದರೆ ನಾಲ್ಕು ಪಾದರಸ, ಹಂದರ. ಇಷ್ಟು ಚಂದದ ಕ್ರಮವನ್ನು ಪಠ್ಯಗಳು ಮೂರು ಬೇರೆ ಬೇರೆ ಬಾಯಿಪಾಠ ಮಾಡಿಬಿಟ್ಟಿವೆ.

"ಎಣಿಕೆ ಸರಿಯಿದ್ದರೆ ಮಾರ್ಕ್ಸ್ ಸಿಗ್ತವಲ್ರಿ, ಚಿತ್ರ ಯಾಕೆ?" ಎಂದು ಕೇಳಬಹುದು. ಮಿಲ್ಲನ್ ಪ್ರತ್ಯಾಮ್ಲ ಋಣ ಅಯಾನುಗಳನ್ನು ವಿನಿಮಯ ಮಾಡಿಕೊಳ್ಳುತ್ತದೆ. ಹಂದರ ಹಾಗೇ ನಿಲ್ಲುತ್ತದೆ, ಒಳಗಿನ ಅತಿಥಿ ಮಾತ್ರ ಬದಲು. ಅಯೋಡಿನ್ ತುದಿಗೆ ಕಟ್ಟಿದ ಪುಟ್ಟ ಅಣುವಿನ ಚಿತ್ರದಿಂದ ಈ ಗುಣ ಊಹಿಸಲಾಗದು. ತಾಂಡೂರಿನ ಫರಸಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟಿನ ಒಂಟಿ ಅಣುವನ್ನು ಯಾರೂ ಹುಡುಕೋದಿಲ್ಲ. ಅದರ ಸೂತ್ರ ಹೇಳುವುದು ಅನುಪಾತವನ್ನು. ಇಲ್ಲಿಯೂ ಅಷ್ಟೇ.

ಪಾದರಸ ವಿಷ, ವಿದ್ಯಾರ್ಥಿಗಳು ಈ ಪ್ರಯೋಗವನ್ನು ಹನಿ ಲೆಕ್ಕದಲ್ಲಷ್ಟೇ ಮಾಡಬೇಕು. ಹಾಗಾಗಿ ಅವರ ಮನಸ್ಸಿನಲ್ಲಿ ಉಳಿಯೋದು ಪುಸ್ತಕದ ಚಿತ್ರವೇ. ಹಳೆಯ ಸೂತ್ರ ಬೇಕಾದರೆ ಇರಲಿ, ಪಕ್ಕದಲ್ಲಿ ಆ ಹಂದರವನ್ನೂ ಬರೆಯಿರಿ ಎಂಬುದು ನನ್ನ ಒತ್ತಾಯ. ಇನ್ನು ಚರ್ಚೆಗೆ ಬಿಡ್ತೀನಿ.