ಲೆಕ್ಕದ ಪುಸ್ತಕದೊಳಗಿನ ಬಾಳು

ಜೀವನಚರಿತ್ರೆಯೆಂದರೆ ನಮ್ಮಲ್ಲಿ ಇಂದಿಗೂ ದೊಡ್ಡವರ ಬಾಳಿನ ಕಥೆಯೇ. ಅರಸರಿಗೆ, ಆಚಾರ್ಯರಿಗೆ, ಕವಿಗಳಿಗೆ, ದಿವಾನರಿಗೆ, ದೇಶಭಕ್ತರಿಗೆ ಚರಿತ್ರೆಯುಂಟು. ಪೇಟೆಯ ಮೂಲೆಯಲ್ಲಿ ಕುಳಿತು ನಲವತ್ತು ವರ್ಷ ಜೋಡು ಹೊಲಿದವನಿಗೆ, ಕಂಬಳಿ ನೆಯ್ದವನಿಗೆ, ಗಾಡಿಯ ಗಾಲಿ ಕೂಡಿಸಿದವನಿಗೆ ಅದು ಇಲ್ಲ. ಅವನು ಕಾಗದ ಬರೆಯಲಿಲ್ಲ, ಭಾಷಣ ಮಾಡಲಿಲ್ಲ. ಆದ್ದರಿಂದ ಅವನನ್ನು ಕುರಿತು ಬರೆಯುವುದಕ್ಕೆ ಸಾಮಗ್ರಿಯಿಲ್ಲವೆಂದು ನಾವು ಸಮಾಧಾನ ಹೇಳಿಕೊಳ್ಳುತ್ತೇವೆ. ಈ ಸಮಾಧಾನ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಮೈಸೂರು ಜಿಲ್ಲೆಯ ಪಡುವಣ ಭಾಗದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳನ್ನು ಎದುರಿಗಿಟ್ಟುಕೊಂಡು ವಿಚಾರಿಸಬಹುದೆಂದು ನನಗೆ ತೋರುತ್ತದೆ. ಅದಕ್ಕೆ ಮುನ್ನ, ಈ ಕೆಲಸವನ್ನು ಚೆನ್ನಾಗಿ ಮಾಡಿದ ಹೊರದೇಶದ ಎರಡು ಮೂರು ಗ್ರಂಥಗಳ ಪರಿಚಯ ಆಗಬೇಕು.

ಅಮೆರಿಕದ ಬಾಸ್ಟನ್ ನಗರದ ಪಾಲ್ ರಿವಿಯರ್ ಬೆಳ್ಳಿ ಕೆಲಸದವನು. 1775ರ ಏಪ್ರಿಲ್ ತಿಂಗಳ ಒಂದು ರಾತ್ರಿ, ಇಂಗ್ಲಿಷರ ಸೈನ್ಯ ಬರುತ್ತಿದೆಯೆಂದು ಕುದುರೆಯೇರಿ ಸುದ್ದಿ ಮುಟ್ಟಿಸಿದವನೆಂದು ಅವನಿಗೆ ಕೀರ್ತಿ. ಲಾಂಗ್‌ಫೆಲೋ ಕವಿ ಅದನ್ನು ಹಾಡಾಗಿಸಿದ ಮೇಲೆ ಆ ಒಂದು ರಾತ್ರಿಯೇ ಅವನ ಇಡೀ ಬಾಳಾಗಿಬಿಟ್ಟಿತು. ಆದರೆ 1761ರಿಂದ 1797ರವರೆಗಿನ ಅವನ ಅಂಗಡಿಯ ದಿನವಹಿ ಲೆಕ್ಕಗಳು ಉಳಿದುಬಂದಿವೆ. 1942ರಲ್ಲಿ ಎಸ್ತರ್ ಫೋರ್ಬ್ಸ್ ಬರೆದ ರಿವಿಯರನ ಚರಿತ್ರೆಗೆ ಈ ಲೆಕ್ಕಗಳು ದೊಡ್ಡ ಆಧಾರ. ಮರುವರ್ಷ ಅದಕ್ಕೆ ಪುಲಿಟ್ಜರ್ ಪಾರಿತೋಷಕ ಬಂತು. ಚಮಚ ಮಾಡಿಕೊಟ್ಟದ್ದು, ಬಕ್ಕಲ್ ಮಾಡಿಕೊಟ್ಟದ್ದು, ಚಿತ್ರ ಕೊರೆದ ತಾಮ್ರದ ತಗಡು, ಗಿರಾಕಿಯ ಹೆಸರು, ಬರಬೇಕಾದ ಹಣ ಎಲ್ಲವೂ ಅಲ್ಲಿ ಸಾಲುಸಾಲಾಗಿ ಬರುತ್ತವೆ. ಕವಿ ಕೊಟ್ಟ ಒಂದು ರಾತ್ರಿಯ ವೀರನಿಗೆ ಲೆಕ್ಕದ ಪುಸ್ತಕ ಮೂವತ್ತಾರು ವರ್ಷದ ದುಡಿಮೆಯನ್ನು ಹಿಂದಿರುಗಿಸಿತೆನ್ನಬಹುದು. ಫೋರ್ಬ್ಸ್ ಕಾದಂಬರಿಕಾರ್ತಿಯೂ ಹೌದು. ಲೆಕ್ಕ ಮೌನವಾದ ಕಡೆಯಲ್ಲೆಲ್ಲ ಬೀದಿಯ ಗದ್ದಲವನ್ನೂ ಕಡಲ ಗಾಳಿಯನ್ನೂ ತಂದು ತುಂಬುತ್ತಾರೆ. ಓದುವುದಕ್ಕೆ ಸೊಗಸಾಗಿದೆ; ಆದರೂ ಯಾವುದು ಪುಸ್ತಕದ ಸಾಲು, ಯಾವುದು ಲೇಖಕಿಯ ಊಹೆ ಎಂದು ಬಿಡಿಸಿ ನೋಡುವ ಭಾರ ಓದುಗನ ಮೇಲೆ ಬೀಳುತ್ತದೆ.

ಈ ದೃಷ್ಟಿಯಿಂದ ಲಾರೆಲ್ ಥ್ಯಾಚರ್ ಉಲ್ರಿಚ್ ಅವರ ಗ್ರಂಥ ಹೆಚ್ಚಿನದು. ಅದು 1990ರಲ್ಲಿ ಪ್ರಕಟವಾದ, ಮಾರ್ಥಾ ಬಲ್ಲಾರ್ಡ್ ಎಂಬ ಸೂಲಗಿತ್ತಿಯ ಕಥೆ. ಆಕೆ 1785ರಿಂದ 1812ರವರೆಗೆ ದಿನಚರಿ ಬರೆದಿಟ್ಟಳು. ಯಾರ ಮನೆಯ ಹೆರಿಗೆ, ಬಂದ ಸಂಭಾವನೆ ಎಷ್ಟು, ನೇಯ್ಗೆ ಎಲ್ಲಿಗೆ ಬಂತು, ಹೊಳೆ ಯಾವಾಗ ಹೆಪ್ಪುಗಟ್ಟಿತು ಎಂಬಿಷ್ಟೇ ಅದರ ವಿಷಯ. ಹಿಂದಿನ ಚರಿತ್ರಕಾರರು ಇದನ್ನು ಕ್ಷುಲ್ಲಕವೆಂದು ತಳ್ಳಿಹಾಕಿದ್ದರು. ಉಲ್ರಿಚ್ ಪ್ರತಿ ಅಧ್ಯಾಯದ ಮೊದಲಿಗೆ ದಿನಚರಿಯ ಸಾಲುಗಳನ್ನೇ ಇಟ್ಟು, ಅನಂತರ ತಮ್ಮ ಮಾತನ್ನು ಆಡುತ್ತಾರೆ. ಊಹೆಗೂ ಆಧಾರಕ್ಕೂ ನಡುವಿನ ಗೆರೆ ಓದುಗನಿಗೆ ಕಾಣುತ್ತಲೇ ಇರುತ್ತದೆ. 816 ಹೆರಿಗೆಗಳು ಹೀಗೆ ತಾರೀಖು ಸಮೇತ ನಮ್ಮ ಕೈಗೆ ಸಿಗುತ್ತವೆ. ನಮ್ಮ ಪಾವಗಡದ ಕಡೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಿತು. ಅವರು ಮಾಡಿಸಿದ ಹೆರಿಗೆಗಳು ಹದಿನೈದು ಸಾವಿರವೆಂದು ಜನ ಹೇಳುತ್ತಾರೆ. ಮಾರ್ಥಾಳದರಂತಹ ದಿನಚರಿ ಮಾತ್ರ ನಮಗೆ ದೊರೆತಿಲ್ಲ. ಕೆಲಸ ಹೆಚ್ಚಿನದಾಗಿದ್ದರೂ ದಾಖಲೆ ಕಡಿಮೆ: ನಮ್ಮ ನಾಡಿನ ಕಸುಬುದಾರರ ಪಾಡು ಈ ಒಂದು ಹೋಲಿಕೆಯಲ್ಲೇ ಇದೆ.

ಇನ್ನು ಹುಣಸೂರಿಗೆ ಬರೋಣ. ಹತ್ತೊಂಬತ್ತನೆಯ ಶತಮಾನದ ಹುಣಸೂರು ಸಾಮಾನ್ಯ ಪೇಟೆಯಲ್ಲ. ಮದ್ರಾಸ್ ಸೈನ್ಯದ ಕಮಿಸರಿಯಟ್ ಇಲಾಖೆ ಅಲ್ಲಿ ತೊಗಲು ಹದಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರದ ಡಿಪೋಗಳನ್ನು ನಡೆಸುತ್ತಿತ್ತು. 1864ರಲ್ಲಿ ಇವನ್ನು ಮುಚ್ಚಿದರು. ಮುಚ್ಚಿದ ಮೇಲೂ ಕೈಯ ಕಸುಬು ಊರಿನಲ್ಲೇ ನಿಂತಿತು: ಬೂಟು, ಸಿಪಾಯಿಯ ಬೆನ್ನುಚೀಲ, ಒಳ್ಳೆಯ ಕಂಬಳಿ, ಗಟ್ಟಿಮುಟ್ಟಾದ ಗಾಡಿಗಳಿಗೆ ಹುಣಸೂರು ಹೆಸರಾಗಿತ್ತೆಂದು ಲೂಯಿ ರೈಸ್ ಅವರ ಮೈಸೂರು ಗೆಜೆಟಿಯರಿನಿಂದ ತಿಳಿಯುತ್ತದೆ. ಆ ಗ್ರಂಥದಲ್ಲಿ ಅಮೃತಮಹಲ್ ದನಗಳ ಚರಿತ್ರೆ ಎಷ್ಟು ವಿಸ್ತಾರವಾಗಿ ಬರುತ್ತದೆಂಬುದನ್ನು ನೋಡಬೇಕು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿಯಿಂದ ಹಿಡಿದು, ಟಿಪ್ಪು ಸುಲ್ತಾನ ಅಮೃತಮಹಲ್ ಎಂದು ಹೆಸರಿಟ್ಟದ್ದು, 1860ರಲ್ಲಿ ಉಳಿತಾಯಕ್ಕೆಂದು ಹಿಂಡುಗಳನ್ನು ಮಾರಿದ್ದು, 1866ರಲ್ಲಿ ಮತ್ತೆ ಸ್ಥಾಪಿಸಿದ್ದು, ಎಲ್ಲಕ್ಕೂ ವಂಶಾವಳಿಯುಂಟು. ಎತ್ತಿಗೆ ವಂಶಾವಳಿಯುಂಟು, ಅದರ ಕೊರಳಿನ ಪಟ್ಟಿ ಹೊಲಿದವನಿಗೆ ಹೆಸರೂ ಇಲ್ಲ. ರೈಸ್ ಅವರನ್ನು ದೂರುವುದಕ್ಕಾಗಿ ನಾನು ಇದನ್ನು ಹೇಳುತ್ತಿಲ್ಲ. ಸರ್ಕಾರಕ್ಕೆ ಬೇಕಾದದ್ದು ಎತ್ತು. ಆದ್ದರಿಂದ ಸರ್ಕಾರದ ಲೇಖನಿ ಎತ್ತಿನ ಹಿಂದೆ ಹೋಯಿತು.

ಬಾಸ್ಟನ್ನಿನ ಬೆಳ್ಳಿಗೆಲಸದವನಿಗೆ ಇದ್ದ ಪುಸ್ತಕ ಹುಣಸೂರಿನ ಚರ್ಮಗೆಲಸದವನಿಗೆ ಏಕೆ ಇಲ್ಲ? ಅವನು ಅನಕ್ಷರಸ್ಥನಾಗಿದ್ದನೆಂಬ ಉತ್ತರ ಅರ್ಧ ಉತ್ತರ ಮಾತ್ರ. ಇನ್ನರ್ಧ ಕೂಲಿಯ ರೀತಿಯಲ್ಲಿದೆ. ರಿವಿಯರ್ ಕಾಲದ ಅಮೆರಿಕದಲ್ಲಿ ನಗದು ವಿರಳ. ಎಲ್ಲರೂ ಎಲ್ಲರಿಗೂ ಉದ್ದರಿ ಕೊಡಬೇಕಾಗಿತ್ತು. ಉದ್ದರಿ ಕೊಟ್ಟವನು ಬರೆದಿಡಲೇಬೇಕು. ನಮ್ಮ ಹಳ್ಳಿಗಳಲ್ಲಿಯೂ ನಗದು ವಿರಳವೇ. ಆದರೆ ಇಲ್ಲಿ ಕಮ್ಮಾರ, ಬಡಗಿ, ಅಗಸ, ಕ್ಷೌರಿಕ ಮೊದಲಾದ ಆಯಗಾರರಿಗೆ ಸುಗ್ಗಿಯಲ್ಲಿ, ಕಣದ ರಾಶಿಯ ಮುಂದೆ ಆಯ ಸಲ್ಲುತ್ತಿತ್ತು. ಕಮ್ಮಾರನು ವರ್ಷವಿಡೀ ಎಷ್ಟು ಗುಳ ತಟ್ಟಿದನೆಂದು ಯಾರೂ ಬರೆಯಬೇಕಾಗಿರಲಿಲ್ಲ; ವಾಡಿಕೆಯೇ ಅವನ ಲೆಕ್ಕದ ಪುಸ್ತಕ. ಊರಿನಲ್ಲಿ ಲೇಖನಿ ಹಿಡಿದವನು ಶ್ಯಾನುಭೋಗ. ಅವನು ಬರೆದದ್ದು ಭೂಮಿ, ಕಂದಾಯ. ಪೇಟೆಯಲ್ಲಿ ಲೇಖನಿ ಹಿಡಿದವನು ಸಾಹುಕಾರ. ಅವನು ಬರೆದದ್ದು ಸಾಲ. ಕಸುಬುದಾರ ಈ ಎರಡು ಲೇಖನಿಗಳ ನಡುವೆ ಜಾರಿಹೋದ.

ಸಾಹುಕಾರ ಬರೆದದ್ದಾದರೂ ಉಳಿಯಿತೆ? ಕಾಗದ ಬಳಕೆಗೆ ಬರುವ ಮುನ್ನ ವರ್ತಕರು ಲೆಕ್ಕ ಬರೆಯುತ್ತಿದ್ದದ್ದು ಕಡತದಲ್ಲಿ. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲನ್ನೂ ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುವ ಸಾಧನ ಅದು. ಅದರ ಅನುಕೂಲ ಯಾವುದೋ ಅದೇ ಅದರ ದೋಷ: ಅಳಿಸಿ ಮತ್ತೆ ಬರೆಯಬಹುದು. ಸಾಲ ತೀರಿತೆಂದರೆ ಸಾಲು ಅಳಿಸಿತು. ಸಾಲಿನೊಡನೆ ಸಾಲಗಾರನೂ ಅಳಿಸಿಹೋದ. ಶೃಂಗೇರಿ ಮಠದ ಕಡತಗಳು ಉಳಿದು ಎ. ಕೆ. ಶಾಸ್ತ್ರಿಯವರಂಥ ವಿದ್ವಾಂಸರ ಕೈ ಸೇರಿ ಅಚ್ಚಾದವು. ಮಠಕ್ಕೆ ತಲೆಮಾರುಗಳಿಂದ ನಡೆದುಬಂದ ಕಚೇರಿಯಿತ್ತು. ಅಂಗಡಿಗೆ ಅಂಥ ಭಾಗ್ಯವಿಲ್ಲ.

ಹೊರಗಿನಿಂದ ಬಂದು ಬರೆದುಕೊಂಡವರ ಬರಹ ಇನ್ನೊಂದು ಬಗೆ. ಫ್ರಾನ್ಸಿಸ್ ಬುಕಾನನ್ 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ. ಅವನ ಪ್ರವಾಸಗ್ರಂಥ 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಯುದ್ಧಗಳಿಂದ ಹಾಳುಬಿದ್ದ ಪಿರಿಯಾಪಟ್ಟಣದ ಕೋಟೆಯೊಳಗೆ ಹುಲಿಗಳು ಸೇರಿಕೊಂಡಿದ್ದುದನ್ನು ಅವನು ಬರೆದಿದ್ದಾನೆ. ಪೇಟೆಯಿದ್ದ ಜಾಗದಲ್ಲಿ ಹುಲಿ. ಅಲ್ಲಿ ತಕ್ಕಡಿ ಹಿಡಿದಿದ್ದವರು ಯಾರು, ಎಲ್ಲಿಗೆ ಹೋದರು? ಅದು ಅವನ ಪ್ರಶ್ನೆಯಲ್ಲ. ಆದರೂ ಕಸುಬುಗಳ ವಿಷಯದಲ್ಲಿ ಅವನಷ್ಟು ಕೂಲಂಕಷವಾಗಿ ವಿಚಾರಿಸಿದವರು ವಿರಳ. ಕಬ್ಬಿಣದ ಕುಲುಮೆಗೆ ಎಷ್ಟು ಆಳು, ಎಷ್ಟು ಇದ್ದಿಲು, ಯಾರಿಗೆ ಎಷ್ಟು ಕೂಲಿ ಎಂಬುದನ್ನೆಲ್ಲ ಕೇಳಿ ಬರೆದುಕೊಂಡ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುತ್ತಿದ್ದರೆಂದೂ, ಆ ತಂತಿ ದೂರದೂರಕ್ಕೆ ಹೋಗುತ್ತಿತ್ತೆಂದೂ ಅವನಿಂದ ತಿಳಿಯುತ್ತದೆ. ಆ ತಂತಿಯನ್ನು ಮೀಟಿದ ವೈಣಿಕರಲ್ಲಿ ಕೆಲವರ ಹೆಸರು ಉಳಿದಿದೆ. ಎಳೆದವನ ಹೆಸರು ಉಳಿದಿಲ್ಲ. ಬುಕಾನನನಿಗೆ ಜಾತಿ ಸಿಕ್ಕಿದೊಡನೆ ಮನುಷ್ಯ ಸಿಕ್ಕಿದಂತೆ. ನಮ್ಮ ಇತಿಹಾಸಕಾರರಲ್ಲಿಯೂ ಅನೇಕರು ಇದನ್ನೇ ಮುಂದುವರಿಸಿ, ಜಾತಿಯ ವರ್ಣನೆಯನ್ನು ವ್ಯಕ್ತಿಯ ಚರಿತ್ರೆಯೆಂದು ತಿಳಿದಿದ್ದಾರೆ. ಈ ತಿಳಿವಳಿಕೆಯನ್ನು ಬಿಡದೆ ನಮ್ಮಲ್ಲಿ ಒಬ್ಬ ರಿವಿಯರನ ಚರಿತ್ರೆ ಹುಟ್ಟಲಾರದು.

ಆದ್ದರಿಂದ ನಮಗೆ ಉಳಿದಿರುವ ದಾರಿ, ಕಾಗದದ ಕಾಲದ ಅಂಗಡಿ ಲೆಕ್ಕಗಳು: ದಿನದಿನದ ಕಿರ್ದಿ, ಹೆಸರು ಹೆಸರಿಗೆ ತೆಗೆದ ಖಾತೆ. ಅಂಥ ಖಾತೆಯಲ್ಲಿ ಒಬ್ಬ ಕಂಬಳಿಯವನ ಪುಟವಿದೆಯೆಂದು ಭಾವಿಸೋಣ. ಉಣ್ಣೆಯ ಬಾಬ್ತು ಮುಂಗಡ ಇಷ್ಟು, ಜಮೆಯಾದ ಕಂಬಳಿ ಇಷ್ಟು, ಬಾಕಿ ಇಷ್ಟು. ಮುಂಗಡ ಯಾವ ತಿಂಗಳಲ್ಲಿ ಹೋಯಿತು, ದೀಪಾವಳಿಯ ಹೊಸ ಲೆಕ್ಕಕ್ಕೆ ಬಾಕಿ ಎಷ್ಟು ದಾಟಿತು, ಯಾವ ವರ್ಷ ಉಣ್ಣೆಗೆ ಬದಲು ರಾಗಿ ಕೊಂಡ, ಎಂದಿನಿಂದ ಮಗನ ಹೆಸರಿನಲ್ಲಿ ಬರವಣಿಗೆ ನಡೆಯಿತು ಎಂಬಿಷ್ಟನ್ನು ಜೋಡಿಸಿದರೆ ಒಂದು ಸಂಸಾರದ ಹೊರಗೆರೆ ಮೂಡುತ್ತದೆ. ಮಗನ ಹೆಸರು ಬಂದ ಮಾತ್ರಕ್ಕೆ ತಂದೆ ಸತ್ತನೆಂದು ಬರೆಯುವವನು ಕೆಟ್ಟ ಚರಿತ್ರಕಾರ. ಕಣ್ಣು ಮಂಜಾಗಿರಬಹುದು, ತೀರ್ಥಯಾತ್ರೆಗೆ ಹೋಗಿರಬಹುದು. ಇನ್ನೂ ಒಂದು ಎಚ್ಚರ ಬೇಕು. ಸಾಹುಕಾರನ ಪುಸ್ತಕದಲ್ಲಿ ಕಸುಬುದಾರ ಯಾವಾಗಲೂ ಸಾಲಗಾರನೇ. ನೆಯ್ದ ಕಂಬಳಿಯ ಅಂದ, ಮನೆಯ ಹಬ್ಬ, ನೆರೆಯವರಲ್ಲಿದ್ದ ಗೌರವ ಇವಕ್ಕೆ ಖಾತೆಯಲ್ಲಿ ಕಾಲಂ ಇಲ್ಲ. ಖಾತೆಯೊಂದನ್ನೇ ನಂಬಿದರೆ ಒಂದು ಜನವೆಲ್ಲ ಬಾಕಿದಾರರಾಗಿಯೇ ಹುಟ್ಟಿ ಬಾಕಿದಾರರಾಗಿಯೇ ಸತ್ತಂತೆ ಕಾಣುತ್ತದೆ.

ಕಾರಂತರು 1933ರಲ್ಲಿ ಇದನ್ನು ಕಂಡಿದ್ದರು. 'ಚೋಮನ ದುಡಿ'ಯಲ್ಲಿ ಚೋಮನ ಮಕ್ಕಳು ಕಾಫಿ ತೋಟಕ್ಕೆ ಹೋಗುವುದು ಸಾಲ ತೀರಿಸುವುದಕ್ಕಾಗಿ. ತೋಟದ ಲೆಕ್ಕದಲ್ಲಿ ಚೋಮ ಒಂದು ಬಾಕಿ. ಗುಡಿಸಲಿನಲ್ಲಿ ಅವನು ದುಡಿಯ ನಾದ. ದಾಖಲೆಗೂ ಬಾಳಿಗೂ ಇರುವ ಅಂತರವನ್ನು ಅಳೆಯಲು ಕಾದಂಬರಿಕಾರನಿಗೆ ದುಡಿ ಸಾಕಾಯಿತು. ಚರಿತ್ರಕಾರನಿಗೆ ಆ ಸ್ವಾತಂತ್ರ್ಯವಿಲ್ಲ; ಅಂತರವಿದೆಯೆಂಬ ನೆನಪಾದರೂ ಅವನಿಗಿರಬೇಕು.

ಖಾತೆಯೇ ಸಿಗದಿದ್ದರೆ? ಫ್ರಾನ್ಸಿನ ಅಲೆನ್ ಕೊರ್ಬೆ ಪತ್ರಾಗಾರದಲ್ಲಿ ಕಣ್ಣುಮುಚ್ಚಿ ಒಂದು ಹೆಸರನ್ನು ಆರಿಸಿಕೊಂಡರು. ಅದು ಪಿನಾಗೊ ಎಂಬ, ಮರದ ಪಾದರಕ್ಷೆ ಮಾಡುತ್ತಿದ್ದವನ ಹೆಸರು. 1798ರಲ್ಲಿ ಹುಟ್ಟಿ 1876ರಲ್ಲಿ ತೀರಿಕೊಂಡ, ಕಾಡಿನಂಚಿನ, ಓದುಬರಹ ಬಾರದ ಮನುಷ್ಯ. ಅವನು ಏನು ಕೇಳಿರಬಹುದು, ಯಾವ ದಾರಿಯಲ್ಲಿ ನಡೆದಿರಬಹುದು ಎಂದು ಸುತ್ತಲಿನ ದಾಖಲೆಗಳಿಂದ ಕಟ್ಟಿದ ಆ ಗ್ರಂಥ 1998ರಲ್ಲಿ ಹೊರಬಂತು. ನಡುವೆ ನಿಲ್ಲಬೇಕಾದ ಮನುಷ್ಯನ ಜಾಗ ಕೊನೆಯವರೆಗೂ ಖಾಲಿಯೇ ಉಳಿಯುತ್ತದೆಂಬ ಆಕ್ಷೇಪಣೆ ನನ್ನದೂ ಹೌದು. ಆದರೆ ಕಾಡಿನಂಚಿನ ಹೆಗ್ಗಡದೇವನಕೋಟೆಯ ಬಿದಿರು ಹೆಣೆಯುವವನಿಗೆ, ಜೇನು ಕೀಳುವವನಿಗೆ ಸದ್ಯಕ್ಕೆ ಸಲ್ಲುವ ಮಾದರಿ ಇದೊಂದೇ. ಅಲ್ಲಿನ ಎಷ್ಟೋ ಹಳೆಯ ಊರುಗಳ ನೆಲವೇ 1974ರಲ್ಲಿ ಮುಗಿದ ಕಬಿನಿ ಅಣೆಕಟ್ಟಿನ ನೀರಿನ ಕೆಳಗಿದೆ.

ಹುಡುಕುವವರಿಗೆ ಕೆಲವು ಸೂಚನೆಗಳನ್ನು ಕೊಡಬಹುದು. ಕೃಷ್ಣರಾಜನಗರವನ್ನು ಹಳೆಯ ಕಾಗದಗಳಲ್ಲಿ ಆ ಹೆಸರಿನಿಂದ ಹುಡುಕಿ ಫಲವಿಲ್ಲ. ಕಾವೇರಿಯ ನೆರೆಗೆ ಸಿಕ್ಕುತ್ತಿದ್ದ ಎಡತೊರೆಯ ಜನಕ್ಕಾಗಿ ಕಟ್ಟಿದ ಹೊಸ ಊರು ಅದು. ಎಡತೊರೆ ಎಂದೇ ನೋಡಬೇಕು. ಈ ತಾಲ್ಲೂಕುಗಳ ಶಾಸನಗಳು 1898ರಲ್ಲಿ ಅಚ್ಚಾದ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿವೆ. ಪಿರಿಯಾಪಟ್ಟಣದವನ್ನು ಹುಣಸೂರಿನೊಳಗೆ ಹುಡುಕಬೇಕು. ಕಲ್ಲು ಕೆಲವೊಮ್ಮೆ ಕಾಗದಕ್ಕಿಂತ ಉದಾರಿ: ಸೋಮನಾಥಪುರದ ರೂವಾರಿ ಮಲ್ಲಿತಮ್ಮ ತನ್ನ ವಿಗ್ರಹಗಳ ಕೆಳಗೆ ಹೆಸರು ಕೊರೆದದ್ದರಿಂದ ಏಳು ನೂರೈವತ್ತು ವರ್ಷಗಳಾಚೆಯೂ ನಮಗೆ ಪರಿಚಿತ. ಹುಣಸೂರಿನ ಕಮಿಸರಿಯಟ್ ಮದ್ರಾಸ್ ಸೈನ್ಯದ್ದಾದ ಕಾರಣ ಅದರ ಜಾಡನ್ನು ಎಗ್ಮೋರಿನ ದಫ್ತರಗಳಲ್ಲಿಯೂ ಹಿಡಿಯಬೇಕು.

ಇವೆಲ್ಲಕ್ಕಿಂತ ಹತ್ತಿರದ ಸಾಮಗ್ರಿ ಇಂದಿಗೂ ನಮ್ಮ ಕಣ್ಣೆದುರಿಗಿದೆ. ಈ ತಾಲ್ಲೂಕುಗಳಲ್ಲಿ ಇಂದು ಹೆಸರಾದ ಬೆಳೆ, ಅಮೆರಿಕದ ಒಂದು ಸೀಮೆಯ ಹೆಸರನ್ನೇ ಹೊತ್ತ ವರ್ಜೀನಿಯ ಹೊಗೆಸೊಪ್ಪು. 1976ರಲ್ಲಿ ತಂಬಾಕು ಮಂಡಳಿ ಬಂದ ಮೇಲೆ ಬೆಳೆಗಾರನ ಹೆಸರು ನೋಂದಣಿಯಾಗುತ್ತದೆ. ಕಟ್ಟೆಮಳಲವಾಡಿಯಂಥ ಹರಾಜುಕಟ್ಟೆಯಲ್ಲಿ ಪ್ರತಿ ಬೇಲಿನ ತೂಕ, ದರ್ಜೆ, ಬೆಲೆ ದಾಖಲಾಗುತ್ತವೆ. ಎಲೆ ಪೋಣಿಸಿದ ಹೆಂಗಸರು, ಬ್ಯಾರನ್ನಿಗೆ ರಾತ್ರಿಯಿಡೀ ಬೆಂಕಿ ಹಾಕಿದ ಆಳು ಮಾತ್ರ ಅಲ್ಲಿಯೂ ಇಲ್ಲ. ಬುಕಾನನನಿಂದ ಈಚೆಗೆ ಎರಡು ಶತಮಾನ ಕಳೆದರೂ ಲೇಖನಿ ಇನ್ನೂ ಸರಕಿನ ಹಿಂದೆಯೇ ಹೋಗುತ್ತಿದೆ.

ಹಳೆಯ ಅಂಗಡಿಗಳು ಮುಚ್ಚುತ್ತವೆ. ಮಕ್ಕಳು ಮೈಸೂರಿಗೋ ಬೆಂಗಳೂರಿಗೋ ಹೋಗಿ ನೆಲೆಸುತ್ತಾರೆ. ಅಟ್ಟದ ಮೇಲಿನ ಕೆಂಪು ಬಟ್ಟೆಯ ರಟ್ಟಿನ ಪುಸ್ತಕಗಳು ತೂಕಕ್ಕೆ ಹೋಗುತ್ತವೆ. ಅವುಗಳಲ್ಲಿರುವುದು ಬರಿಯ ಜಮಾಖರ್ಚೆಂದು ನಾವು ತಿಳಿದಿರುವುದೇ ಇದಕ್ಕೆ ಕಾರಣ. ಮಾರ್ಥಾಳ ದಿನಚರಿಯನ್ನೂ ಒಂದು ಕಾಲಕ್ಕೆ ಹಾಗೆಯೇ ತಿಳಿದಿದ್ದರು. ಆದರೂ ಅದನ್ನು ಯಾರೂ ತೂಕಕ್ಕೆ ಹಾಕಲಿಲ್ಲ. ಆ ಸೂಲಗಿತ್ತಿ ಇಂದು ಬಲ್ಲವರ ಮಾತಿನಲ್ಲಿ ಬದುಕಿರುವುದಕ್ಕೆ ಅಷ್ಟೇ ಸಾಕಾಯಿತು. ಅಂಥ ಪುಸ್ತಕ ಮನೆಯಲ್ಲಿರುವವರು ಅದನ್ನು ರದ್ದಿಯವನಿಗೆ ಹಾಕುವ ಮುನ್ನ ಒಂದು ಪುಟವನ್ನಾದರೂ ಓದಬೇಕು, ಓದಿದ ಮೇಲೆ ಮೈಸೂರಿನ ವಿಶ್ವವಿದ್ಯಾನಿಲಯಕ್ಕೋ ರಾಜ್ಯ ಪತ್ರಾಗಾರಕ್ಕೋ ಒಂದು ಕಾಗದ ಬರೆಯಬೇಕು. ಅಲ್ಲಿ ಹೆಸರಿರುವವರ ಹಣದ ಬಾಕಿ ಎಂದೋ ತೀರಿರಬಹುದು, ಮುಳುಗಿರಬಹುದು. ಅವರಿಗೆ ನಾವು ಕೊಡಬೇಕಾದ ಬಾಕಿ ಹಾಗೆಯೇ ಉಳಿದಿದೆ.