ದೊರೆಯ ಕತ್ತಿ, ಬಂಟನ ಕಲ್ಲು: ಕೆಳದಿ ಸೀಮೆಯ ವೀರಸ್ಮೃತಿ

ದಂಡನ್ನು ಕಳುಹಿಸುವ ದೊರೆ ತಾನೂ ಕಣದಲ್ಲಿ ನಿಂತು ಕಾದಬೇಕೆ? ಕೆಳದಿ, ಇಕ್ಕೇರಿಗಳ ಸಾಗರ, ಬಿದನೂರಿನ ಹೊಸನಗರ, ಕವಲೇದುರ್ಗದ ತೀರ್ಥಹಳ್ಳಿ ಈ ಮೂರು ತಾಲ್ಲೂಕುಗಳ ವೀರಸ್ಮೃತಿಯಲ್ಲಿ ಈ ಪ್ರಶ್ನೆಗೆ ರಾಜನೀತಿಯ ಉತ್ತರಕ್ಕಿಂತ ಭಿನ್ನವಾದ ಉತ್ತರವೊಂದು ದೊರೆಯುತ್ತದೆ.

ಮಲೆನಾಡಿನ ವೀರಗಲ್ಲುಗಳನ್ನು ಮೊದಲು ಗಮನಿಸಬೇಕು. ಕೆಳಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರೊಡನೆ ಸ್ವರ್ಗಯಾತ್ರೆ, ಮೇಲೆ ಶಿವಸಾನ್ನಿಧ್ಯ ಇವುಗಳ ಸಾಮಾನ್ಯ ವಿನ್ಯಾಸ. ಶಾಸನವಿದ್ದಲ್ಲಿ ಆಳುವ ಅರಸನ ಹೆಸರು ಹೆಚ್ಚಾಗಿ ಕಾಲವನ್ನು ಸೂಚಿಸಲು ಬರುತ್ತದೆ. ಕಲ್ಲು ಮಾತ್ರ ತುರುಗಾಳಗದಲ್ಲೋ ಊರಳಿವಿನಲ್ಲೋ ಮಡಿದವನದು. ಮಡಿದವನ ಮನೆಯವರಿಗೆ ಬಿಡುತ್ತಿದ್ದ ಭೂಮಿಗೆ ನೆತ್ತರುಗೊಡಗೆ ಎಂದು ಹೆಸರು. ಇಲ್ಲಿ ದೊರೆಯನ್ನು ಅಳೆಯುವುದು ಅವನು ಕತ್ತಿ ಹಿಡಿದನೇ ಎಂಬುದರಿಂದಲ್ಲ, ನೆತ್ತರಿನ ಋಣವನ್ನು ತೀರಿಸಿದನೇ ಎಂಬುದರಿಂದ.

ಕಣದ ಹೊರಗಿನ ಸಾವಿಗೂ ಇದೇ ಅಳತೆ ಸಲ್ಲುತ್ತದೆ. ನಿಧಿಗಾಗಿ ಬಲಿಯಾದ ಎಡವ, ಮುರಾರಿ ಎಂಬ ಇಬ್ಬರು ಆಳುಗಳ ಐತಿಹ್ಯ ಕೆಳದಿ ಮನೆತನದ ಮೂಲಕಥೆಯಲ್ಲಿದೆ. 'ಎಡವ ಮುರಾರಿ' ಎಂಬುದು ಅರಸರ ಬಿರುದೇ ಆಯಿತು. ಇದನ್ನು ಸ್ವಾಮಿನಿಷ್ಠೆಯ ಕಥೆಯೆಂದಷ್ಟೇ ಓದುವುದು ಅರಮನೆಯ ಓದು. ರಾಜ್ಯ ಯಾರ ಜೀವದ ಮೇಲೆ ನಿಂತಿದೆ ಎಂಬುದನ್ನು ಹೊಗಳುಭಟರ ಬಾಯಲ್ಲೇ ಹೇಳಿಸುವ ಜಾಣ್ಮೆಯೂ ಈ ಕಥೆಗಿದೆ. ಆದರೆ ಬಿರುದು ನೆತ್ತರುಗೊಡಗೆಯಲ್ಲ. ಹೆಸರು ಉಳಿದ ಮಾತ್ರಕ್ಕೆ ಋಣ ತೀರುವುದಿಲ್ಲ.

ಈ ಹಿನ್ನೆಲೆಯಲ್ಲಿ ರಾಣಿ ಚೆನ್ನಮ್ಮನ ಚಿತ್ರವನ್ನು ಮರುಪರಿಶೀಲಿಸಬೇಕಾಗಿದೆ. 1689ರಲ್ಲಿ ಶಿವಾಜಿಯ ಮಗ ರಾಜಾರಾಮ ಜಿಂಜಿಯತ್ತ ಸಾಗುವಾಗ ಆಕೆ ಆಶ್ರಯವಿತ್ತಳು. ಅದರ ಫಲವಾಗಿ ಔರಂಗಜೇಬನ ಸೈನ್ಯ ಕೆಳದಿಯ ಮೇಲೆ ಬಂದಿತು. ಇಂದಿನ ಜನಪ್ರಿಯ ಬರಹ ಆಕೆಯನ್ನು ಕುದುರೆಯ ಮೇಲೆ, ಕತ್ತಿಯೊಡನೆ ಕಾಣಲು ಬಯಸುತ್ತದೆ. ಇದರಿಂದ ಆಕೆಯ ನಿಜವಾದ ಸಾಹಸ ಮಸುಕಾಗುತ್ತದೆ. ಆ ಸಾಹಸವಿದ್ದುದು ಅಪಾಯವನ್ನು ಅರಿತೂ ಆಶ್ರಯ ಕೊಟ್ಟ ನಿರ್ಧಾರದಲ್ಲಿ, ದಂಡು ಬಂದಾಗ ಆ ಮಾತಿಗೆ ನಿಂತುದರಲ್ಲಿ.

ದೊರೆ ಕಣಕ್ಕಿಳಿದರೆ ಬಂಟರ ಎದೆ ಗಟ್ಟಿಯಾಗುತ್ತದೆ ಎಂಬ ವಾದವನ್ನು ಅಲ್ಲಗಳೆಯಲಾಗದು. ಆದರೆ 1565ರ ರಕ್ಕಸತಂಗಡಿ ಯುದ್ಧದಲ್ಲಿ ವೃದ್ಧ ರಾಮರಾಯ ಸೆರೆಸಿಕ್ಕಿ ಶಿರಚ್ಛೇದಕ್ಕೊಳಗಾದಾಗ ವಿಜಯನಗರದ ಸೇನೆಯೇ ಚದುರಿತು. ದೊರೆಯ ಶೌರ್ಯದ ಬೆಲೆಯನ್ನು ತೆತ್ತವರು ಅಲ್ಲಿಯೂ ಬಂಟರೇ.

ಆದ್ದರಿಂದ ವೀರಸ್ಮೃತಿಯ ಅಧ್ಯಯನ ಕತ್ತಿ ಹಿಡಿದ ದೊರೆಗಳ ಪಟ್ಟಿಯಾಗಬಾರದು. ಕಾಳಗ ಮುಗಿದ ಮೇಲೆ ಕಲ್ಲು ಯಾರಿಗೆ ನಿಂತಿತು, ಭೂಮಿ ಯಾರ ಮನೆಗೆ ಸಂದಿತು ಎಂಬ ವಿಚಾರಣೆ ಅದರ ಮೊದಲ ಹೊಣೆ.