ಕತ್ತರಿಗೆ ಸಿಕ್ಕ ಬಿಳಿ ಅಂಚು

ಹಳೇ ಮನೆ ಕೆಡವಿ ಫ್ಲಾಟು ಎಬ್ಬಿಸುವಾಗ ದೇವರ ಪಟಗಳದ್ದೇ ಸಂಕಟ. ಹೊಸ ದೇವರಮನೆಗೆ ಅವು ದೊಡ್ಡವಾಗುತ್ತವೆ, ಗುಜರಿಗೆ ಹಾಕಲು ಮನಸ್ಸು ಬರುವುದಿಲ್ಲ. ಬೆಳಗಿನ ಜಾವ ಅರಳಿಕಟ್ಟೆಗೆ ಒರಗಿಸಿ, ಕೈಮುಗಿದು ಹೊರಟುಬಿಡುತ್ತಾರೆ. ಕಳೆದ ತಿಂಗಳು ವಿಜಯನಗರದ ಅಂಥದೊಂದು ಕಟ್ಟೆಯ ಬಳಿ ನನಗೆ ಸರಸ್ವತಿ ಸಿಕ್ಕಳು. ಗಾಜು ಒಡೆದಿತ್ತು, ಹಿಂದಿನ ರಟ್ಟನ್ನು ಗೆದ್ದಲು ತಿಂದಿತ್ತು. ಆದರೆ ಚಿತ್ರದ ಕೆಳಗಿನ ಬಿಳಿ ಅಂಚು ಹಾಗೇ ಉಳಿದಿತ್ತು. ಅದರಲ್ಲಿ ರವಿವರ್ಮ ಪ್ರೆಸ್ಸಿನ ಹೆಸರಿತ್ತು.

ಜೇಬಿನ ಭೂತಗನ್ನಡಿ ಹಿಡಿದು ನೋಡಿದೆ. ಈಗಿನ ಆಫ್‌ಸೆಟ್ ಮುದ್ರಣವಾದರೆ ಬಣ್ಣದ ಚುಕ್ಕಿಗಳು ಎಣಿಸಿ ಇಟ್ಟಂತೆ ಸಾಲಾಗಿ ಕಾಣುತ್ತವೆ. ಕಲ್ಲಚ್ಚಿನಲ್ಲಿ ಹಾಗಲ್ಲ. ಕಲ್ಲಿನ ಮೇಲೆ ಮನುಷ್ಯನ ಕೈ ಇಟ್ಟ ಚುಕ್ಕಿಗಳವು. ಕೆನ್ನೆಯ ಹತ್ತಿರ ವಿರಳ, ಸೀರೆಯ ನೆರಿಗೆಯಲ್ಲಿ ದಟ್ಟ. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು, ಅದೇ ಹಾಳೆ ಮತ್ತೆ ಮತ್ತೆ ಯಂತ್ರದಡಿ ಹೋಗಬೇಕು. ಒಂದು ಕೂದಲೆಳೆ ಜರುಗಿದರೂ ದೇವಿಯ ತುಟಿ ಗಲ್ಲಕ್ಕೆ ಬಂದು ಕೂರುತ್ತದೆ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಈ ಪ್ರೆಸ್ಸು ಆಮೇಲೆ ಲೋನಾವಳ ಬಳಿಯ ಮಳವಲಿಗೆ ಹೋಯಿತು. ಅವನ ತೈಲಚಿತ್ರ ನೋಡಲು ನಾವು ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಬೇಕು. ಕಲ್ಲಚ್ಚು ಮಾತ್ರ ಅಡುಗೆಮನೆಯ ಗೋಡೆಯವರೆಗೂ ಬಂತು. ಹೆಂಗಸರು ಅದಕ್ಕೆ ಜರಿ, ಚಮಕಿ ಹೊಲಿದು ತಮ್ಮದಾಗಿಸಿಕೊಂಡರು.

ಜನರ ಮರುಳು ಎರಡು ಬಗೆಯದು. ನಿನ್ನೆಮೊನ್ನೆ ಅಚ್ಚಾಗಿ, ಚಹಾ ಬಣ್ಣ ಬಳಿಸಿಕೊಂಡ ಹಾಳೆಯನ್ನು ‘ಒರಿಜಿನಲ್’ ಎಂದು ನಂಬಿ ದುಡ್ಡು ಸುರಿಯುತ್ತಾರೆ. ನಿಜವಾದ ಕಲ್ಲಚ್ಚನ್ನು ಮರದಡಿ ಬಿಟ್ಟು ಹೋಗುತ್ತಾರೆ. ಎರಡನೆಯದೇ ನನ್ನನ್ನು ಹೆಚ್ಚು ನೋಯಿಸುತ್ತದೆ, ಏಕೆಂದರೆ ನಾನೂ ಅಂಥ ಹಾನಿ ಮಾಡಿದವನು. ಅಜ್ಜಿ ಬಿಟ್ಟುಹೋದ ಲಕ್ಷ್ಮಿಗೆ ಹೊಸ ಕಟ್ಟು ಹಾಕಿಸುವಾಗ, ಅಂಚು ಕೊಳಕಾಗಿದೆ ಎಂದು ನಾನೇ ಹೇಳಿ ಕತ್ತರಿಸಿ ಹಾಕಿಸಿದೆ. ಆ ಲಕ್ಷ್ಮಿ ಯಾವ ಪ್ರೆಸ್ಸಿನವಳು ಎಂದು ಹೇಳುವ ಸಾಕ್ಷಿ ಅಂದೇ ಕಸದ ಬುಟ್ಟಿಗೆ ಹೋಯಿತು.

ಕಟ್ಟೆಯ ಪಕ್ಕ ಹೂ ಕಟ್ಟುತ್ತಿದ್ದ ಅಜ್ಜಿಯನ್ನು ಕೇಳಿದೆ: “ಅಮ್ಮಾ, ಇದನ್ನು ಯಾರಾದರೂ ಕೇಳಿಕೊಂಡು ಬರುತ್ತಾರಾ?”

“ಬಿಟ್ಟು ಹೋದೋರು ಯಾಕಪ್ಪಾ ಬತ್ತಾರೆ? ಮಳೆ ಬರೋ ಹಂಗದೆ, ತಗೊಂಡೋಗು,” ಎಂದು ಒಂದು ಮೊಳ ಕನಕಾಂಬರ ಕೊಟ್ಟರು. ದುಡ್ಡು ಮುಟ್ಟಲಿಲ್ಲ.

ಸರಸ್ವತಿಯನ್ನು ಎತ್ತಿಕೊಂಡು ರಾಜಾಜಿನಗರದ ಕಟ್ಟು ಹಾಕುವ ಅಂಗಡಿಗೆ ಹೋದೆ. ಅಲ್ಲಿನ ಹಿರಿಯರು ಅಳತೆ ನೋಡಿ, ಅಭ್ಯಾಸಬಲದಿಂದ ಕತ್ತರಿಗೆ ಕೈಹಾಕಿದರು. “ಅಂಚು ಬೇಕು, ಯಜಮಾನರೇ,” ಎಂದು ಭೂತಗನ್ನಡಿ ಅವರ ಕೈಗೆ ಕೊಟ್ಟೆ. ಬಹಳ ಹೊತ್ತು ಬಗ್ಗಿ ನೋಡಿದರು, ಅಕ್ಷರಗಳನ್ನು, ಆಮೇಲೆ ಚುಕ್ಕಿಗಳನ್ನು.

“ನಲವತ್ತು ವರ್ಷದಿಂದ ಕತ್ತರಿಸ್ತಾನೇ ಬಂದೆನಲ್ಲ ಸಾರ್,” ಎಂದರು.